ಜೋನಿ ಬೆಲ್ಲ, ಅಡಿಕೆ ಡ್ರೈಯರ್ ಮತ್ತು ನಮ್ಮ 312 ಇಂಜಿನ್

ನಮ್ಮ ಹಳೇ ಲಾರಿಯ ಇಂಜಿನ್ನಿಗೆ ಬಣ್ಣ ಹೊಡೆದು ಹದಿನಾಲ್ಕು ತಿಂಗಳಾಯಿತು. ಎರಡು ಮಳೆಗಾಲ ಕಳೆದಿವೆ. ಗಾಡಿ ಸುಮಾರು ಮೂರು ಸಾವಿರ ಕಿಲೋಮೀಟರ್ ಓಡಿದೆ, ಹುಲಿಕಲ್ ಘಾಟಿಯನ್ನು ನಾಲ್ಕೈದು ಸಲ ಹತ್ತಿ ಇಳಿದಿದೆ. ಬ್ಲಾಕ್ (ಇಂಜಿನ್ನಿನ ಒಡಲು) ಮೇಲೆ ಉಗುರಿನಷ್ಟು ಬಣ್ಣವೂ ಎದ್ದಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ.

ಗಾಡಿ 1962ರ ಟಾಟಾ ಮರ್ಸಿಡಿಸ್ 312. ನಮ್ಮಜ್ಜ ನಾಟಾ ಸಾಗಿಸಲು ತಂದದ್ದು. ಟಾಟಾದವರಿಗೂ ಜರ್ಮನಿಯ ಡೈಮ್ಲರ್ ಬೆಂಜ್‌ನವರಿಗೂ 1954ರಲ್ಲಿ ಆದ ಒಪ್ಪಂದ 1969ಕ್ಕೆ ಮುಗಿಯಿತು, ಮುಂದಿನ ಗಾಡಿಗಳ ಮೂತಿಯಿಂದ ಬೆಂಜ್‌ನ ನಕ್ಷತ್ರದ ಗುರುತು ಹೋಯಿತು. ನಮ್ಮದರಲ್ಲಿ ಅದು ಇನ್ನೂ ಇದೆ. ಮೂತಿಯಲ್ಲಿ ನಕ್ಷತ್ರ ಇಟ್ಟುಕೊಂಡು ಒಳಗೆ ಬೇರೆ ಇಂಜಿನ್ ಕೂರಿಸಲು ನನಗೆ ಮನಸ್ಸಾಗಲಿಲ್ಲ. ಟಾಟಾದವರ ಆಮೇಲಿನ 697 ಇಂಜಿನ್ ಹಾಕಲು ಎಲ್ಲರೂ ಹೇಳಿದ್ದು ಒಂದೇ ಮಾತು: "ಗೌಡ್ರೇ, 697 ಹಾಕಿ ಬಿಡಿ. ಪಾರ್ಟ್ಸ್ ಎಲ್ಲಿ ಬೇಕಾದ್ರೂ ಸಿಗುತ್ತೆ." ಗುಜರಿಯಿಂದ ಎತ್ತಿದ ಒಂದು 697 ಎಪ್ಪತ್ತೈದು ಸಾವಿರಕ್ಕೆ ಬಾಗಿಲಿಗೇ ಬಂದಿತ್ತು. ವಾಪಸ್ ಕಳಿಸಿದೆ.

ಮೊದಲ ಸಲ ನಾನೂ ಎಲ್ಲರ ಹಾಗೇ ಮಾಡಿದ್ದೆ. ಡೀಸೆಲ್‌ನಲ್ಲಿ ತೊಳೆದು, ವೈರ್ ಬ್ರಷ್ ಹಾಕಿ, ಥಿನ್ನರ್‌ನಲ್ಲಿ ಒರೆಸಿ, ರೆಡ್ ಆಕ್ಸೈಡ್ ಮೇಲೆ ಸಿಂಥೆಟಿಕ್ ಎನಾಮಲ್. ಅದೂ ಜುಲೈನಲ್ಲಿ, ತೀರ್ಥಹಳ್ಳಿಯ ಮಳೆಯಲ್ಲಿ. ಮೂರನೇ ದಿನಕ್ಕೇ ಬಣ್ಣದ ಮೇಲೆ ಬಿಳಿ ಮಂಜು ಕೂತಿತು. ಎರಡು ತಿಂಗಳಿಗೆ ಟ್ಯಾಪೆಟ್ ಕವರ್ ಕೆಳಗೆ, ಡಮ್ಮಿ ಪ್ಲಗ್ (ಬ್ಲಾಕಿನ ತೂತು ಮುಚ್ಚುವ ಬಿಲ್ಲೆ) ಸುತ್ತ ಹಪ್ಪಳದ ಹಾಗೆ ಎದ್ದು ಬಂತು. ಎದ್ದ ಚೂರನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಎಣ್ಣೆ ಜಿಡ್ಡು. ಆರು ಸಾವಿರ ನೀರಿಗೆ ಹೋಯಿತು. ಅರವತ್ತು ವರ್ಷ ಎಣ್ಣೆ ಕುಡಿದ ಬೀಡು (ಎರಕದ ಕಬ್ಬಿಣ) ಅದು, ಮೇಲೆ ಒರೆಸಿದರೆ ಬಿಡುತ್ತದಾ? ಬಿಸಿಯಾದಾಗೆಲ್ಲ ಒಳಗಿಂದ ಬೆವರುತ್ತದೆ.

ಹೀಗಾಗಿ ಎರಡನೇ ಸಲ ಪೂರ್ತಿ ಬಿಚ್ಚಿದೆ. ಬಿಚ್ಚಿದ ಮೇಲೆ ಇನ್ನೊಂದು ಕಂಡಿತು. ನೀರಿನ ಜಾಕೆಟ್ ಒಳಗೆ ತುಕ್ಕು ಕೆಸರು ಗಟ್ಟಿಯಾಗಿ ಕೂತು, ಹಿಂದಿನ ಎರಡು ಸಿಲಿಂಡರ್ ಸುತ್ತ ನೀರು ಓಡಲು ದಾರಿಯೇ ಇರಲಿಲ್ಲ. ಘಾಟಿಯಲ್ಲಿ ಯಾಕೆ ಕುದಿಯುತ್ತಿತ್ತು ಅಂತ ಆಗ ಗೊತ್ತಾಯಿತು. ಅಲ್ಲಿಗೆ ಬ್ರಷ್ ಹೋಗಲ್ಲ, ಮರಳು ಊದಿ ಬ್ಲಾಸ್ಟಿಂಗ್ ಮಾಡಿದರೆ ಆ ಮರಳು ಎಣ್ಣೆ ಗ್ಯಾಲರಿಗೆ, ಅಂದರೆ ಒಳಗೆ ಎಣ್ಣೆ ಓಡುವ ದಾರಿಗೆ, ಸೇರುತ್ತದೆ. ಆಗ ಹೊಳೆದದ್ದು ಬೆಲ್ಲ. ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಬೆರೆಸಿದ ನೀರಲ್ಲಿ ತುಕ್ಕು ಬಿಡುವುದು ಹಳೇ ಸಂಗತಿ. ಅದು ತುಕ್ಕನ್ನು ಎಳೆದುಕೊಳ್ಳುತ್ತದೆ, ಒಳ್ಳೇ ಕಬ್ಬಿಣದ ತಂಟೆಗೆ ಹೆಚ್ಚು ಹೋಗಲ್ಲ. ಕಾಕಂಬಿ ನನಗೆ ಸುಲಭವಾಗಿ ಸಿಗಲಿಲ್ಲ. ಆದರೆ ನಮ್ಮ ಕಡೆ ನೀರಾಗಿರುವ ಜೋನಿ ಬೆಲ್ಲಕ್ಕೇನು ಬರ? ಹುಳಿ ಬಂದು ಹಾಳಾದದ್ದು ಮೂರು ಡಬ್ಬ, ಐವತ್ತು ಕೆಜಿ ಹತ್ತಿರ, ಸಾವಿರದ ಐನೂರಕ್ಕೆ ಸಿಕ್ಕಿತು.

ಊರಲ್ಲಿ ಸುದ್ದಿಯಾಯಿತು. "ಬ್ಲಾಕಿಗೆ ಪಾಯಸ ಮಾಡ್ತಿದಾರಂತೆ" ಅಂತ.

ಮೊದಲ ಗುಂಡಿ ಕೆಟ್ಟಿತು. ತೋಟದಲ್ಲಿ ತೋಡಿ ಟಾರ್ಪಾಲ್ ಹಾಸಿದ್ದೆ. ಬ್ಲಾಕಿನ ಮೂಲೆ ತಾಗಿ ಹರಿದು, ರಾತ್ರಿ ಕಳೆಯುವಷ್ಟರಲ್ಲಿ ಅರ್ಧ ನೀರು ಅಡಿಕೆ ಮರದ ಬುಡಕ್ಕೆ. ಆಮೇಲೆ 500 ಲೀಟರ್ ಪ್ಲಾಸ್ಟಿಕ್ ಟ್ಯಾಂಕಿನ ತಲೆ ಕತ್ತರಿಸಿ, ಬ್ಲಾಕನ್ನು ಭಾರ ಎತ್ತುವ ಚೈನ್ ಕಪ್ಪಿಯಲ್ಲಿ ನೆಟ್ಟಗೆ ಇಳಿಸಿದೆ. ಒಂದು ಪಾಲು ಬೆಲ್ಲಕ್ಕೆ ಒಂಬತ್ತು ಪಾಲು ನೀರು. ಇದಕ್ಕಿಂತ ತೆಳು ಮಾಡಬೇಡಿ, ಒಂದಕ್ಕೆ ಇಪ್ಪತ್ತು ಹಾಕಿ ನೋಡಿದಾಗ ಬೂಸ್ಟು ಬಂತೇ ಹೊರತು ತುಕ್ಕು ಅಲುಗಲಿಲ್ಲ. ಪೂರ್ತಿ ಮುಳುಗಿರಬೇಕು. ನನ್ನದರಲ್ಲಿ ಮೇಲೆ ಎರಡು ಇಂಚು ನೀರು ಇಳಿದಿತ್ತು, ಆ ಗೆರೆ ಬ್ಲಾಕ್ ಮೇಲೆ ಇವತ್ತಿಗೂ ಬೆರಳಿಗೆ ಸಿಗುತ್ತದೆ. ಅಲ್ಯೂಮಿನಿಯಂ ಯಾವುದೂ ಒಳಗೆ ಹೋಗಬಾರದು. ಥರ್ಮೋಸ್ಟಾಟ್ ಹೌಸಿಂಗ್ ಒಂದನ್ನು ಸುಮ್ನೆ ಜೊತೆಗೆ ಹಾಕಿದ್ದೆ, ತೆಗೆದಾಗ ಇಲಿ ತಿಂದ ರೊಟ್ಟಿ ಹಾಗಿತ್ತು. ಕ್ಯಾಮ್ ಬುಷ್, ಡಮ್ಮಿ ಎಲ್ಲ ಬಿಚ್ಚಿ, ಗ್ಯಾಲರಿ ಪ್ಲಗ್‌ಗಳನ್ನೂ ತೆಗೆದೇ ಇಳಿಸಿ. ಬೋರ್ ಕೆಲಸಕ್ಕಿಂತ (ಸಿಲಿಂಡರ್ ಒಳಗೋಡೆ ಕೊರೆಯುವುದು) ಮೊದಲೇ ಈ ಸ್ನಾನ ಆಗಬೇಕು, ಆಮೇಲಲ್ಲ.

ಇಪ್ಪತ್ತೆರಡು ದಿನ ಬಿಟ್ಟೆ. ನೊರೆ, ಜೇನುನೊಣ, ವಾಸನೆ ಯಾವುದನ್ನೂ ಕೇಳಬೇಡಿ. ತೆಗೆದು ಪಂಪಿನ ಪ್ರೆಷರ್‌ನಲ್ಲಿ ತೊಳೆದಾಗ ಜಾಕೆಟ್‌ನಿಂದ ಕಪ್ಪು ಕೆಸರು ಅರ್ಧ ಬಕೆಟ್ ಬಂತು. ಒಳಗೆ ಟಾರ್ಚ್ ಬಿಟ್ಟರೆ ಬೂದು ಬಣ್ಣದ ಬೀಡು, ಮೊನ್ನೆ ಎರಕ ಹೊಯ್ದ ಹಾಗೆ. ಜಾಕೆಟ್ ಗೋಡೆಯ ಮೇಲೆ ಅಂಟಿಕೊಂಡಿದ್ದ ಎರಕದ ಮರಳಿನ ಕಾಳು ಕೂಡ ಕಂಡಿತು. ನಮ್ಮ ಹಳೇ ಡ್ರೈವರ್ ಸಾಹೇಬ್ರು ಕೈಯಾಡಿಸಿ, "ಇದನ್ನ ಹೀಗೆ ನಿಮ್ಮಜ್ಜನೂ ನೋಡಿಲ್ಲ" ಅಂದರು.

ಎಣ್ಣೆಯ ಸಮಸ್ಯೆ ಇನ್ನೂ ಇತ್ತು. ತೊಳೆದ ಕಬ್ಬಿಣ ಹತ್ತು ನಿಮಿಷಕ್ಕೆ ಕೆಂಪಾಗುತ್ತದೆ. ಎರಡಕ್ಕೂ ಮದ್ದು ಮನೆ ಹಿಂದೆಯೇ ಇತ್ತು, ಅಡಿಕೆ ಡ್ರೈಯರ್. ಸೌದೆ ಒಲೆಯದು, ಅರವತ್ತರಿಂದ ಎಪ್ಪತ್ತು ಡಿಗ್ರಿ ಆರಾಮಾಗಿ ಹಿಡಿಯುತ್ತದೆ. ಬ್ಲಾಕನ್ನು ಕಾಸ್ಟಿಕ್ ಸೋಡಾ ಬಿಸಿನೀರಲ್ಲಿ ತೊಳೆದು ಒಳಗಿಟ್ಟೆ. ನಾಲ್ಕು ಗಂಟೆ ಕಳೆಯುವಷ್ಟರಲ್ಲಿ ಎಣ್ಣೆ ಹನಿ ಹನಿಯಾಗಿ ಮೇಲೆ ಬಂತು. ತೆಗೆದು ತೊಳೆದು ಮತ್ತೆ ಇಟ್ಟೆ. ಹೀಗೆ ಐದು ಸಲ. ಐದನೇ ಸಲ ಬಿಳಿ ಪಂಚೆ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗೇ ಉಳಿಯಿತು. ಮನೆಯಲ್ಲಿ ಮಾತ್ರ "ಅಡಿಕೆಗೆ ಡೀಸೆಲ್ ವಾಸನೆ ಹೊಡೆದ್ರೆ ಮಂಡಿಯವ್ರು ಏನಂತಾರೆ" ಅಂತ ದೊಡ್ಡ ಗಲಾಟೆ. ಕೊಯ್ಲಿಗೆ ಮುಂಚೆ ಗೋಡೆ ತೊಳೆದು ಸುಣ್ಣ ಹೊಡೆಸಿಕೊಟ್ಟೆ.

ಮಷೀನ್ ಕೆಲಸ ಶಿವಮೊಗ್ಗದಲ್ಲಿ. ಇದರಲ್ಲಿ ಹೇಳುವಂಥದ್ದು ಕಡಿಮೆ. 90 ಎಂಎಂ ಸ್ಟ್ಯಾಂಡರ್ಡ್ ಪಿಸ್ಟನ್ ಸೆಟ್ ಹುಬ್ಬಳ್ಳಿಯ ಹಳೇ ಅಂಗಡಿಯೊಂದರ ಅಟ್ಟದಲ್ಲಿ ಸಿಕ್ಕಿತು, ಹದಿನಾಲ್ಕು ಸಾವಿರ. ಅದಕ್ಕೆ ತಕ್ಕ ಹಾಗೆ ಸ್ಲೀವ್ (ಸಿಲಿಂಡರ್ ಒಳಗಿನ ಕೊಳವೆ) ಹೊಡೆಸಿ ಬೋರ್, ಹೋನಿಂಗ್ (ನಯಗೊಳಿಸುವುದು), ಎಲ್ಲ ಸೇರಿ ಹನ್ನೊಂದು ಸಾವಿರ. ಕ್ರ್ಯಾಂಕ್ ಗ್ರೈಂಡಿಂಗ್, ಶೆಲ್ ಬೇರಿಂಗ್ ಸೇರಿ ಹದಿಮೂರು ಸಾವಿರ ಇರಬೇಕು. ದುಡ್ಡು ಕಳೆದದ್ದು ಹೆಡ್‌ನಲ್ಲಿ, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳದಲ್ಲಿ. ಎರಡು ವಾಲ್ವ್ ಸೀಟ್ ನಡುವೆ ಕೂದಲಿನಂಥ ಬಿರುಕು. ಒಂದು ವರ್ಕ್‌ಶಾಪಿನವರು ವೆಲ್ಡ್ ಮಾಡಿ ನಾಲ್ಕೂವರೆ ಸಾವಿರ ತಗೊಂಡರು, ಪ್ರೆಷರ್ ಟೆಸ್ಟ್‌ನಲ್ಲಿ ಪಕ್ಕದಲ್ಲೇ ಹೊಸ ಬಿರುಕು. ಆಮೇಲೆ ಹಳೇ ಮೇಸ್ತ್ರಿಯೊಬ್ಬರು ಬೆಂಕಿಯನ್ನೇ ತೋರಿಸದೆ ಸ್ಟಿಚಿಂಗ್ (ಲೋಹದ ತುಂಡು ಕೂರಿಸಿ ಬಿರುಕು ಹೊಲಿಯುವುದು) ಮಾಡಿಕೊಟ್ಟರು. ಒಂಬತ್ತು ಸಾವಿರ. ಇವತ್ತಿಗೂ ಒಂದು ಹನಿ ನೀರಿಲ್ಲ. ಬೀಡಿನ ಹೆಡ್ಡನ್ನು ದಯವಿಟ್ಟು ಆತುರದಲ್ಲಿ ವೆಲ್ಡ್‌ಗೆ ಕೊಡಬೇಡಿ.

ಬಣ್ಣಕ್ಕೆ ಬರೋಣ. ಬೋರ್, ಡೆಕ್ (ಹೆಡ್ ಕೂರುವ ಮುಖ) ಎಲ್ಲಕ್ಕೂ ಟೇಪ್ ಹಾಕಿ, ಬ್ಲಾಕ್ ಕೈಗೆ ಬೆಚ್ಚಗೆ ತಾಗುವಾಗಲೇ ಎಪಾಕ್ಸಿ ಪ್ರೈಮರ್ ತೆಳುವಾಗಿ ಒಂದು ಕೈ. ಮೇಲೆ ಟು-ಪ್ಯಾಕ್ ಪಿಯು (ಹಾರ್ಡನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣ), ಎರಡು ಕೈ. ಮಾಸ್ಕ್ ಇಲ್ಲದೆ ಆ ಹಾರ್ಡನರ್ ಹತ್ತಿರ ಹೋಗಬೇಡಿ, ಬಟ್ಟೆ ಕಟ್ಟಿಕೊಂಡರೆ ಸಾಲದು. ಇನ್ನೊಂದು ಮಾತು, ಹಸಿ ಬಣ್ಣದ ಬ್ಲಾಕನ್ನು ಸೌದೆ ಒಲೆಯ ಡ್ರೈಯರ್‌ಗೆ ನೂಕಿದರೆ ಬೆಂಕಿ ಹಿಡಿಯುತ್ತದೆ. ನಾನು ಹೊರಗೆ ಪೂರ್ತಿ ಎರಡು ದಿನ ಆರಿಸಿ, ಕೆಂಡ ಎಲ್ಲ ಎಳೆದು, ಉಳಿದ ಕಾವಿನಲ್ಲಿ ಮಾತ್ರ ಇಟ್ಟೆ. ಹಳೇ ಶೇಡ್ ಸಿಕ್ಕಿದ್ದು ಇಂಜಿನ್ ನಂಬರ್ ಪ್ಲೇಟಿನ ಅಡಿಯಲ್ಲಿ. ರಿವೆಟ್ ತೆಗೆದಾಗ ಹಸಿರು ಬೆರೆತ ಬೂದು ಬಣ್ಣ ಹೆಬ್ಬೆರಳಗಲ ಉಳಿದಿತ್ತು. ಮೂರು ಬಣ್ಣ ಬೆರೆಸಿ ಅದಕ್ಕೆ ತಂದೆ. ಆ ಅಳತೆ, ಪ್ರೈಮರ್‌ಗೆ ಮುಂಚೆ ಒರೆಸಿದ ಕೊನೇ ನೀರು, ಈ ಎರಡು ನನ್ನ ಹತ್ತಿರವೇ ಇರಲಿ.

ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಬೇರೆ ಪ್ರಯೋಗ ಮಾಡಿದೆ. ಅಗಸೆ ಎಣ್ಣೆಗೆ ಗ್ರಾಫೈಟ್ ಪುಡಿ ಕಲಸಿ, ದೋಸೆ ಕಾವಲಿ ಪಳಗಿಸುವ ಹಾಗೆ ನಾಲ್ಕು ಸಲ ಕಾಸಿ ಹಚ್ಚಿದೆ. ಎಂಥ ಕಪ್ಪು ಬಂತು ಅಂತೀರಿ! ಒಂದು ತಿಂಗಳು ಚೆನ್ನಾಗಿತ್ತು. ಘಾಟಿ ಹತ್ತಿದ ದಿನ ಸುಟ್ಟು ಹೋಯಿತು. ಈಗ ಅಲ್ಲಿ ಹೀಟ್ ಪ್ರೂಫ್ ಅಲ್ಯೂಮಿನಿಯಂ ಪೇಂಟ್ ಇದೆ. ಆದರೆ ಜಾಕಿ, ಸ್ಪ್ಯಾನರ್‌ಗಳಿಗೆ ಆ ಎಣ್ಣೆ ಪಾಕ ಬಹಳ ಚೆನ್ನಾಗಿ ಆಗುತ್ತದೆ.

ಸ್ಟಾರ್ಟ್ ಮಾಡಿದ ದಿನ ಜೀವ ಬಾಯಿಗೆ ಬಂದಿತ್ತು. ಡೀಸೆಲ್ ಪಂಪಿನ ಪ್ಲೇಟಿನ ಮೇಲೆ ಮೈಕೋ ಬೆಂಗಳೂರು ಅಂತಿದೆ, ಕ್ಯಾಲಿಬ್ರೇಷನ್ ಮಾಡಿಸಿ ಹದಿನಾರು ಸಾವಿರ ಕೊಟ್ಟಿದ್ದೆ. ಇದರದು ಗಾಳಿ ಎಳೆತದ ಮೇಲೆ ನಡೆಯುವ ಗವರ್ನರ್ (ಇಂಜಿನ್ ವೇಗ ಹಿಡಿತದಲ್ಲಿಡುವ ಭಾಗ), ಒಳಗೆ ಚರ್ಮದ ಡಯಾಫ್ರಮ್ (ಪೊರೆ). ಹೀಟರ್ ಐವತ್ತು ಸೆಕೆಂಡ್ ಹಿಡಿದು ಸೆಲ್ಫ್ ಹೊಡೆದೆ. ಎರಡನೇ ಸುತ್ತಿಗೇ ಹಿಡಿಯಿತು, ಹಿಡಿದದ್ದು ಏರುತ್ತಲೇ ಹೋಯಿತು. ಸ್ಟಾಪ್ ಎಳೆದರೆ ಕೇಬಲ್ ಜಾರಿತು. ಕೈಯಳತೆಯಲ್ಲಿ ಪ್ಲೈವುಡ್ ತುಂಡು ಇಟ್ಟುಕೊಂಡಿದ್ದೆ, ಅದನ್ನು ಗಾಳಿ ಬಾಯಿಗೆ ಒತ್ತಿ ಹಿಡಿದ ಮೇಲೆ ನಿಂತಿತು. ಬಿಚ್ಚಿದರೆ ಡಯಾಫ್ರಮ್ ಅಂಚಿನಲ್ಲಿ ಒಣಗಿ ಬಿರಿದಿತ್ತು. ಕ್ಯಾಲಿಬ್ರೇಷನ್ ಮಾಡಿದವರು ಅದನ್ನು ಬದಲಿಸಿರಲೇ ಇಲ್ಲ. ಹೊಸದಕ್ಕೆ ಆದದ್ದು ಆರುನೂರು ರೂಪಾಯಿ.

ಈಗ ಬಿಸಿಯಲ್ಲಿ ಐಡಲ್‌ಗೆ ಎಣ್ಣೆ ಪ್ರೆಷರ್ ಒಂದೂವರೆ ಕೆಜಿ ಹತ್ತಿರ ನಿಲ್ಲುತ್ತದೆ, ಘಾಟಿಯಲ್ಲೂ ನೀರು ಕುದಿಯಲ್ಲ. ಮೊದಲ ಸಲದ ಬಣ್ಣ, ವೆಲ್ಡಿಂಗ್ ಎಲ್ಲ ಸೇರಿ ಲಕ್ಷದ ಇಪ್ಪತ್ತು ಸಾವಿರ ಆಗಿರಬಹುದು. 697 ಹಾಕಿ ಅಂದವರಲ್ಲಿ ಇಬ್ಬರು ಬಂದು ಬಾನೆಟ್ ಎತ್ತಿಸಿ ನೋಡಿ, ಬೆಲ್ಲ ಎಲ್ಲಿ ಸಿಕ್ತು ಅಂತ ಕೇಳಿಕೊಂಡು ಹೋದರು. ಟ್ಯಾಂಕ್ ಇನ್ನೂ ಹಾಗೇ ಇದೆ. ಬರುವ ವಾರ ಬ್ರೇಕ್ ಡ್ರಮ್ ನಾಲ್ಕೂ ಇಳಿಸುತ್ತೇನೆ, ಅದಕ್ಕೆ ಇನ್ನೊಂದು ಡಬ್ಬ ಬೆಲ್ಲ ಹೇಳಿಟ್ಟಿದ್ದೇನೆ.