ಓಟಿ ತಣ್ಣಗಿದ್ದರೂ ಗೋಡೆ ಬೆವರುವುದೇಕೆ?

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಎಸಿ ಮೇಂಟೆನೆನ್ಸ್ ನನ್ನ ಕೆಲಸ. ಇಲ್ಲಿ ಏಪ್ರಿಲ್ ಸೆಕೆಗಿಂತ ಜೂನ್ ಮಳೆಯೇ ನಮಗೆ ಜಾಸ್ತಿ ಕಷ್ಟ.

ಒಂದು ಮಳೆಗಾಲದಲ್ಲಿ ಓಟಿಯಿಂದ, ಅಂದರೆ ಆಪರೇಷನ್ ಥಿಯೇಟರಿನಿಂದ, ದೂರಿನ ಮೇಲೆ ದೂರು. ಎಕ್ಸ್-ರೇ ತಡೆಯುವ ಭಾರದ ಲೆಡ್ ಏಪ್ರನ್, ಅದರ ಮೇಲೆ ಗೌನ್ ತೊಟ್ಟ ಸರ್ಜನ್‌ಗೆ ಸೆಕೆ. ಅನಸ್ತೇಷಿಯಾ ಡಾಕ್ಟರಿಗೆ ರೋಗಿಯ ಮೈ ತಣ್ಣಗಾಗುವ ಚಿಂತೆ. ಅದು ಸಣ್ಣ ಚಿಂತೆಯಲ್ಲ. ಮೈ ಬಿಸಿ 36 ಡಿಗ್ರಿಗಿಂತ ಇಳಿದರೆ ರಕ್ತಸ್ರಾವ, ಗಾಯದ ಸೋಂಕು ಎರಡೂ ಹೆಚ್ಚುತ್ತವೆ. ಈ ಜಗ್ಗಾಟದಲ್ಲಿ ಎಸಿ ಸೆಟ್ಟಿಂಗ್ 17 ಡಿಗ್ರಿಗೆ ಇಳಿದಿತ್ತು.

“ಸರ್, ಇಷ್ಟು ಚಳಿ ಇದ್ರೂ ಗೋಡೆ ಬೆವರ್ತಾ ಇದೆ ನೋಡಿ” ಅಂದರು ಸಿಸ್ಟರ್. ಗಾಳಿ ಬರುವ ಗ್ರಿಲ್‌ನ ಅಂಚಿಗೆ ನೀರ ಹನಿಗಳು ಸಾಲಾಗಿ ಅಂಟಿದ್ದವು. ಕೆಳಗೆ ಆಪರೇಷನ್ ಟೇಬಲ್. ಆ ಹನಿ ಎಲ್ಲಿ ಬೀಳುತ್ತದೆ ಅಂತ ನೆನೆದರೇ ಎದೆ ಝಲ್ಲೆನ್ನುತ್ತದೆ.

ಮಳೆಗಾಲದ ಗಾಳಿಯ ನೀರು ತೆಗೆಯಲು ಅದನ್ನು ಕಾಯಿಲ್, ಅಂದರೆ ತಣ್ಣೀರು ಹರಿಯುವ ಕೊಳವೆಗಳ ಸಾಲಿನ, ಮೇಲೆ 12–13 ಡಿಗ್ರಿಗೆ ತಣಿಸಬೇಕು. ಹಾಗೇ ಒಳಗೆ ಬಿಟ್ಟರೆ ಎಲ್ಲರೂ ನಡುಗುತ್ತಾರೆ. ಅದಕ್ಕೇ ಕಾಯಿಲ್ ಆದ ಮೇಲೆ ಒಂದು ಹೀಟರ್ ಇರುತ್ತದೆ. ಗಾಳಿ ತಣಿಸಿ ಓಟಿಗೆ ಕಳಿಸುವ ಯಂತ್ರದ (ಎಎಚ್‌ಯು) ಪ್ಯಾನೆಲ್ ತೆರೆದರೆ ಆ ಹೀಟರಿನ ಬ್ರೇಕರ್ರೇ ಆಫ್! ಕರೆಂಟ್ ಬಿಲ್ ಉಳಿಸಲು ಇಳಿಸಿಟ್ಟಿದ್ದರು. ಹೀಟರ್ ಇಲ್ಲದಿದ್ದರೆ ಕೋಣೆ ತಣ್ಣಗಾದ ಕೂಡಲೇ ಕಾಯಿಲಿಗೆ ತಣ್ಣೀರು ಬಿಡುವ ವಾಲ್ವ್ ಮುಚ್ಚಿಕೊಳ್ಳುತ್ತದೆ, ನೀರು ತೆಗೆಯುವ ಕೆಲಸವೂ ನಿಲ್ಲುತ್ತದೆ. ಸೆಟ್ಟಿಂಗ್ ಇಳಿಸಿದಷ್ಟೂ ತೊಂದರೆ ಹೆಚ್ಚು: 21 ಡಿಗ್ರಿಯಲ್ಲಿ ಶೇ. 60 ತೇವಾಂಶ ತೋರಿಸುವ ಗಾಳಿ, ನೀರು ಅಷ್ಟೇ ಇದ್ದರೂ, 17ರಲ್ಲಿ ಶೇ. 77 ತೋರಿಸುತ್ತದೆ.

ಹೀಟರನ್ನು ಸುಮ್ನೆ ಆನ್ ಮಾಡುವಂತಿಲ್ಲ. ಬಹಳ ದಿನ ನಿಂತ ಹೀಟರಿನ ಕಾಯಿಲಿನ ಮೇಲೆ ಧೂಳು ಕೂತಿರುತ್ತದೆ, ಸುಟ್ಟ ವಾಸನೆ ನೇರ ಓಟಿಗೆ ಹೋಗುತ್ತದೆ. ಮೊದಲು ಕ್ಲೀನ್ ಮಾಡಿದೆವು. ಗಾಳಿ ತಳ್ಳುವ ಬ್ಲೋವರ್ ನಿಂತರೆ ಹೀಟರೂ ಕಟ್ ಆಗುತ್ತದಾ ಅಂತ ಬೇಕೆಂದೇ ಬ್ಲೋವರ್ ನಿಲ್ಲಿಸಿ ನೋಡಿದೆವು. ಇದನ್ನು ಯಾರೂ ಬಿಡಬಾರದು, ಬೆಂಕಿಯ ವಿಷಯ. ತಣ್ಣನೆಯ ಕಾಯಿಲಿನ ಕೆಳಗಿನ ಟ್ರೇಯಿಂದ ನೀರು ಹೋಗುವ ಡ್ರೈನ್ ಪೈಪಿನ ಯು-ಬೆಂಡ್ ಒಣಗಿತ್ತು. ಅದರಲ್ಲಿ ನೀರಿಲ್ಲದಿದ್ದರೆ ಬ್ಲೋವರ್ ಆ ದಾರಿಯಿಂದಲೇ ಗಾಳಿ ಎಳೆಯುತ್ತದೆ, ಟ್ರೇಯ ನೀರು ಇಳಿಯುವುದೇ ಇಲ್ಲ. ಅದಕ್ಕೂ ನೀರು ತುಂಬಿಸಿದೆವು.

ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ ಮಾರ್ಗಸೂಚಿ ಓಟಿಗೆ ಹೇಳುವುದು 21 ಡಿಗ್ರಿ, ಮೂರು ಹೆಚ್ಚು-ಕಡಿಮೆ, ತೇವಾಂಶ ಶೇ. 20ರಿಂದ 60. ನಾವು 20ಕ್ಕೆ ನಿಲ್ಲಿಸಿದೆವು. ರೋಗಿಗೆ ಬಿಸಿಗಾಳಿಯ ವಾರ್ಮರ್ ಹೊದಿಸಿದರು. ತೇವ ಇಳಿದಾಗ ಸರ್ಜನ್‌ಗೂ ಬೆವರು ಆರಿತು, 17 ಬೇಕು ಅಂತ ಮತ್ತೆ ಕೇಳಲಿಲ್ಲ.

ಬಿಲ್ ಏರಿದ್ದು ನಿಜ. ಆಫೀಸಿನವರು ಕೇಳಿದಾಗ ಒದ್ದೆಯಾದ ಸ್ಟೆರೈಲ್ ಪ್ಯಾಕ್‌ಗಳನ್ನು ತೋರಿಸಿದೆ. ಅವನ್ನೆಲ್ಲ ಮತ್ತೆ ಆಟೋಕ್ಲೇವ್‌ನ ಬಿಸಿ ಹಬೆಯಲ್ಲಿ ಸ್ಟೆರೈಲ್ ಮಾಡಬೇಕಲ್ವಾ, ಅದಕ್ಕೂ ಕರೆಂಟೇ ಬೇಕು. ಈಗ ಪ್ರತಿ ಪಾಳಿಯಲ್ಲೂ ಡಿಗ್ರಿ ಪಕ್ಕದಲ್ಲೇ ತೇವಾಂಶವನ್ನೂ ಬರೆಯುತ್ತಾರೆ. 60 ದಾಟಿದರೆ ಸೆಟ್ಟಿಂಗ್ ಮುಟ್ಟದೆ ನಮಗೆ ಫೋನ್ ಮಾಡುತ್ತಾರೆ.