ಕಣ್ಣೂರು ಕರಾವಳಿ ಪ್ರವಾಸ: ಮೊದಲು ತೆಯ್ಯಂ ದಿನ ಗೊತ್ತುಮಾಡಿಕೊಳ್ಳಿ

ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದು ಇರಿಟ್ಟಿ ದಾಟಿದರೆ ಕಣ್ಣೂರಿನ ಕಡಲು ಸುಮಾರು ಮೂರು ತಾಸಿನ ದಾರಿ. ಇಷ್ಟು ಹತ್ತಿರವೆಂಬ ಕಾರಣಕ್ಕೇ ಕೊಡಗಿನವರು ಈ ಪ್ರವಾಸಕ್ಕೆ ಸಿದ್ಧತೆ ಮಾಡಿಕೊಳ್ಳುವುದು ಕಡಿಮೆ; ಬೆಳಿಗ್ಗೆ ಹೊರಟು, ಅಲೆಯಲ್ಲಿ ಕಾಲು ನೆನೆಸಿ, ಮೀನೂಟ ಮುಗಿಸಿ ಸಂಜೆಗೆ ಮರಳುತ್ತಾರೆ. ಕಡಲಿನ ಜೊತೆಗೆ, ದೈವದ ವೇಷ ತೊಟ್ಟು ಕುಣಿಯುವ ಉತ್ತರ ಕೇರಳದ ಆರಾಧನೆಯಾದ ತೆಯ್ಯವನ್ನೂ ನೋಡಬೇಕೆಂದಿರುವವರು ಮೊದಲು ಅದರ ದಿನ ಗೊತ್ತುಮಾಡಿಕೊಂಡು, ವಸತಿ, ಕೋಟೆ, ಬೀಚುಗಳನ್ನು ಆ ದಿನಕ್ಕೆ ಹೊಂದಿಸಿಕೊಳ್ಳುವುದು ಒಳ್ಳೆಯದು.

ತೆಯ್ಯಂ ಕಾಲ ಮಲಯಾಳಂ ಪಂಚಾಂಗದ ತುಲಾಂ ತಿಂಗಳ 10ರಂದು, ಅಂದರೆ ಅಕ್ಟೋಬರ್ ಕೊನೆಯಲ್ಲಿ ಆರಂಭವಾಗಿ ಮಳೆಗಾಲಕ್ಕೆ ಮುನ್ನ ಮುಗಿಯುತ್ತದೆ. ತೋಟವಿರುವವರಿಗೆ ತೊಡಕಿರುವುದು ಇಲ್ಲಿಯೇ: ಅರೇಬಿಕಾ ಕೊಯ್ಲು, ಅದರ ಬೆನ್ನಿಗೆ ರೋಬಸ್ಟಾ, ಆಮೇಲೆ ಹೂವಿಗೆ ನೀರು ಹಾಯಿಸುವ ಕೆಲಸ. ಕಣದಲ್ಲಿ ಕಾಫಿ ಹರಡಿಟ್ಟು ಮನೆ ಬಿಡಲಾಗದವರು ಸೆಕೆಯನ್ನು ಸಹಿಸಿಕೊಂಡು ಏಪ್ರಿಲ್‌ನಲ್ಲಿ ಹೋಗಬಹುದು. ಜನವರಿಯಲ್ಲಿ ಬಿಡುವಾದರೆ, ಕೊಡವರು ಎತ್ತುಗಳ ಮೇಲೆ ಅಕ್ಕಿ ಹೇರಿಕೊಂಡು ಹೋಗುವ, ಉಳಿಕ್ಕಲ್ ಬಳಿಯ ಬೈತೂರಿನ ಉತ್ಸವವನ್ನೂ ಸೇರಿಸಿಕೊಳ್ಳಬಹುದು.

ತೆಯ್ಯಂ ನಡೆಯುವ ಪ್ರತಿ ಕಾವಿಗೂ, ಅಂದರೆ ದೈವದ ಬನಕ್ಕೂ, ತನ್ನದೇ ದಿನಗಳಿರುವುದರಿಂದ, ಉಳಿದುಕೊಳ್ಳುವ ಮನೆಯವರನ್ನೋ ಅಲ್ಲಿನ ನೆಂಟರನ್ನೋ ಮೊದಲೇ ವಿಚಾರಿಸಬೇಕು. ದಿನ ಹೊಂದದಿದ್ದರೆ ಪರಶ್ಶಿನಿಕಡವಿಗೆ ಹೋಗಿ; ವಳಪಟ್ಟಣಂ ಹೊಳೆಯ ದಡದ ಆ ಮುತ್ತಪ್ಪನ ಸನ್ನಿಧಿಯಲ್ಲಿ ವರ್ಷದ ಬಹುತೇಕ ದಿನಗಳಲ್ಲೂ ತೆಯ್ಯಂ ಇರುತ್ತದೆ, ಬಂದವರಿಗೆ ಚಹಾದೊಡನೆ ಬೇಯಿಸಿದ ಕಾಳು, ತೆಂಗಿನಕಾಯಿ ಚೂರುಗಳ ಪ್ರಸಾದ ಸಿಗುತ್ತದೆ. ಆದರೂ ಹಳ್ಳಿಯ ಕಾವಿನಲ್ಲಿ ರಾತ್ರಿ ಕಳೆಯುವುದೇ ಹೆಚ್ಚು ಸೊಗಸು ಎಂಬುದು ನನ್ನ ಅಭಿಪ್ರಾಯ.

ಅಲ್ಲಿಗೆ ಆದಷ್ಟು ಬೇಗ ತಲುಪಬೇಕು, ಏಕೆಂದರೆ ಬೆಂಕಿ ಮತ್ತು ಕುಣಿತವನ್ನಷ್ಟೇ ನೋಡಲು ಬರುವವರು ಅದಕ್ಕೂ ಮೊದಲಿನದನ್ನು ಕಳೆದುಕೊಳ್ಳುತ್ತಾರೆ. ಮೊದಲು ದೈವದ ಕಥೆ ಹೇಳುವ ತೋಟ್ಟಂ ಹಾಡುತ್ತಾರೆ. ಬಣ್ಣ ಬರೆಯುವವರು, ಮಲಗಿರುವ ಕೋಲಧಾರಿಯ (ದೈವದ ವೇಷ ತೊಡುವವನ) ಮುಖದ ಮೇಲೆ ಬಾಗಿ, ಸಣ್ಣ ಕಡ್ಡಿಯಿಂದ ಗೆರೆಗೆ ಗೆರೆ ಕೂಡಿಸುತ್ತಾರೆ. ಕಣ್ಣಂಚಿನ ಕಪ್ಪು ತೀಡುವಾಗ ಆತ ಉಸಿರನ್ನೂ ಬಿಗಿಹಿಡಿದಿರುತ್ತಾನೆ. ಕೊನೆಗೆ ಮುಡಿ ಎಂಬ ಕಿರೀಟ ಏರಿಸಿಕೊಂಡು ಪುಟ್ಟ ಕನ್ನಡಿಯಲ್ಲಿ ತನ್ನ ರೂಪವನ್ನು ದಿಟ್ಟಿಸಿದಾಗ ದೈವದ ಆವೇಶವಾಗುತ್ತದೆಂದು ನಂಬಿಕೆ. ಆ ಹೊತ್ತಿನಲ್ಲಿ ಮೊಬೈಲ್ ಫ್ಲ್ಯಾಶ್ ಹೊಳೆಯಿಸುವುದು ಗುಡಿಯೊಳಗೆ ಚಪ್ಪಲಿ ಮೆಟ್ಟಿ ನಡೆದಷ್ಟೇ ಅನುಚಿತ. ಫೋಟೊ ತೆಗೆಯುವ ಮುನ್ನ ಕಾವಿನವರನ್ನು ಕೇಳಿ, ಬೆಂಕಿಯಿಂದ ದೂರ ನಿಲ್ಲಿ, ದೈವದ ನುಡಿ ಕೇಳಲು ಹೋಗುವವರು ಕಾಣಿಕೆ ಇಟ್ಟುಕೊಂಡಿರಿ.

ರಾತ್ರಿ ನಿದ್ದೆಗೆಟ್ಟವರು ಮರುದಿನ ಬೆಳಿಗ್ಗೆ ಏನನ್ನೂ ಇಟ್ಟುಕೊಳ್ಳದಿರುವುದೇ ಲೇಸು. ಸಂಜೆಗೆ ಮುಳಪ್ಪಿಲಂಗಾಡ್ ಬೀಚ್ ಇದೆ; ಅಲ್ಲಿನ ಗಟ್ಟಿ ಮರಳಿನ ಮೇಲೆ ಸುಮಾರು 4 ಕಿ.ಮೀ. ಕಾರು ಓಡಿಸಬಹುದು. ಹತ್ತಿರದ ಧರ್ಮಡಂ ದ್ವೀಪಕ್ಕೆ ನೀರು ಇಳಿದಾಗ ನಡೆದೇ ದಾಟುತ್ತಾರಾದರೂ, ಉಬ್ಬರ ಬರುವ ಹೊತ್ತನ್ನು ಮೀನುಗಾರರಲ್ಲಿ ವಿಚಾರಿಸದೆ ನೀರಿಗಿಳಿಯಬಾರದು. ಪೋರ್ಚುಗೀಸರು 1505ರಲ್ಲಿ ಕಟ್ಟಿಸಿದ ಸೇಂಟ್ ಏಂಜಲೋ ಕೋಟೆಗೆ ಒಂದು ತಾಸು ಸಾಕು.

ಮಡಿಕೇರಿಯ ಕಡೆಯವರು ಬಂದ ದಾರಿಯಲ್ಲೇ ಮರಳಬೇಕಿಲ್ಲ. ಉತ್ತರಕ್ಕೆ ಹೋಗಿ ಬೇಕಲ ಕೋಟೆಯನ್ನು ನೋಡಿಕೊಂಡು, ಚೆರ್ಕಳ, ಜಾಲ್ಸೂರು, ಸುಳ್ಯದ ಮೂಲಕ ಸಂಪಾಜೆ ಘಾಟಿ ಹತ್ತಬಹುದು. ಘಾಟಿಯಲ್ಲಿ ಕತ್ತಲಾಗದಂತೆ ಮಧ್ಯಾಹ್ನದ ಊಟವಾದ ಕೂಡಲೇ ಬೇಕಲದಿಂದ ಹೊರಡಬೇಕು.