ಸಾಂಬಾ ಶೇರ್ ನಿಧಾನವೇ? ಕಾನ್ಫಿಗ್ ಮುಟ್ಟುವ ಮುಂಚೆ ಕೇಬಲ್ ನೋಡಿ

ಆಫೀಸಿನ ಲಿನಕ್ಸ್ ಸರ್ವರಿನಿಂದ ಫೈಲ್ ಕಾಪಿ ಆಗಲು ಜಾಸ್ತಿ ಹೊತ್ತು ಹಿಡಿದರೆ ಅನೇಕರು ಮೊದಲು ಸಾಂಬಾದ (ಲಿನಕ್ಸ್ ಸರ್ವರಿನ ಫೋಲ್ಡರನ್ನು ವಿಂಡೋಸ್ ಕಂಪ್ಯೂಟರುಗಳಿಗೆ ಹಂಚುವ ತಂತ್ರಾಂಶ) ಕಾನ್ಫಿಗ್ ಫೈಲ್, ಅಂದರೆ ಸೆಟ್ಟಿಂಗ್ ಫೈಲ್ ತೆರೆಯುತ್ತಾರೆ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ನೆಟ್‌ವರ್ಕ್, ಆಮೇಲೆ ಡಿಸ್ಕ್, ಅದಾದ ಮೇಲೆ ಸಾಂಬಾ. ಒಂದೊಂದನ್ನೂ ಬೇರೆಯಾಗಿ ಅಳೆಯಿರಿ.

ನಾಲ್ಕೈದು ಜಿಬಿಯ ಒಂದೇ ಫೈಲ್ ಕಾಪಿ ಮಾಡಿ. ಗಿಗಾಬಿಟ್ ನೆಟ್‌ವರ್ಕಿನಲ್ಲಿ ಸೆಕೆಂಡಿಗೆ 110 ಎಂಬಿ (ಮೆಗಾಬೈಟ್; ಒಂದು ಬೈಟ್ ಎಂದರೆ 8 ಬಿಟ್) ಆಸುಪಾಸು ಬರಬೇಕು. 11 ಎಂಬಿಗೇ ನಿಂತಿದ್ದರೆ ಲಿಂಕ್ 100 ಮೆಗಾಬಿಟ್‌ಗೆ ಇಳಿದಿರುವ ಸಾಧ್ಯತೆಯೇ ಹೆಚ್ಚು. ಈಥ್‌ಟೂಲ್ ಕಮಾಂಡಿಗೆ ನೆಟ್‌ವರ್ಕ್ ಕಾರ್ಡಿನ ಹೆಸರು ಕೊಟ್ಟು ನೋಡಿ. 'ಸ್ಪೀಡ್' ಸಾಲಿನಲ್ಲಿ 1000 ಇರಬೇಕು. ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಜೋಡಿ ಸಾಕು. ಹೀಗಾಗಿ ಕ್ರಿಂಪಿಂಗ್‌ನಲ್ಲಿ (ಕೇಬಲ್ ತುದಿಗೆ ಪ್ಲಗ್ ಕೂರಿಸುವಾಗ) ಉಳಿದೆರಡು ಜೋಡಿಯ ಒಂದು ತಂತಿ ಸರಿಯಾಗಿ ಕೂರದಿದ್ದರೂ ನೆಟ್‌ವರ್ಕ್ ನಡೆಯುತ್ತಲೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಕೇಬಲ್ ಬದಲಿಸಿ, ಮತ್ತೆ ಅಳೆಯಿರಿ.

ಲಿಂಕ್ ಸರಿ ಇದ್ದರೆ ಎರಡೂ ಕಡೆ ಐಪರ್ಫ್3 ಹಾಕಿ. ಇದು ಡಿಸ್ಕ್ ಮುಟ್ಟದೆ ನೆಟ್‌ವರ್ಕನ್ನಷ್ಟೇ ಅಳೆಯುತ್ತದೆ. 940 ಮೆಗಾಬಿಟ್ ಹತ್ತಿರ ಬಂದರೆ ಚಿಂತೆ ಇಲ್ಲ. ಹೋಗುವ, ಬರುವ ಎರಡೂ ದಿಕ್ಕು ನೋಡಿ. ವೈಫೈ ಲ್ಯಾಪ್‌ಟಾಪಿನಿಂದ ಅಳೆದು ಸರ್ವರನ್ನು ದೂರಬೇಡಿ.

ಕಾಪಿ ನಡೆಯುತ್ತಿರುವಾಗಲೇ ಸರ್ವರಿನಲ್ಲಿ ಡಿಸ್ಕ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಐಒಸ್ಟ್ಯಾಟ್ ಕಮಾಂಡ್ ಓಡಿಸಿ. ಹಾರ್ಡ್ ಡಿಸ್ಕ್ ಬಳಕೆ ಶೇ 100ರ ಬಳಿ ಅಂಟಿಕೊಂಡಿದ್ದರೆ ತೊಂದರೆ ಅಲ್ಲೇ ಇದೆ.

ಈಗ ಸಾಂಬಾ. ಟಾಪ್ ಕಮಾಂಡಿನಲ್ಲಿ ಎಸ್‌ಎಂಬಿಡಿ (ಸಾಂಬಾದ ಫೈಲ್ ಹಂಚುವ ಪ್ರೋಗ್ರಾಮ್) ಪ್ರೊಸೆಸರಿನ ಒಂದು ಕೋರ್ ಪೂರ್ತಿ ತಿನ್ನುತ್ತಿದ್ದರೆ, ಪ್ರೊಸೆಸರಿಗೆ ಹೊರೆಯಾಗುವ ಎನ್‌ಕ್ರಿಪ್ಶನ್ (ಡೇಟಾವನ್ನು ಗೂಢಲಿಪಿಯಾಗಿಸುವುದು) ಆನ್ ಆಗಿದೆಯೇ ಎಂದು ಎಸ್‌ಎಂಬಿಸ್ಟೇಟಸ್ ಕಮಾಂಡಿನಲ್ಲಿ ನೋಡಿ. ಕಾನ್ಫಿಗ್‌ನಲ್ಲಿ ಯಾರೋ ಯಾವಾಗಲೋ ಬರೆದ 'ಸಾಕೆಟ್ ಆಪ್ಶನ್ಸ್' ಸಾಲಿನಲ್ಲಿ ಬಫರ್ (ಡೇಟಾ ತಾತ್ಕಾಲಿಕವಾಗಿ ಇಡುವ ಮೆಮೊರಿ) ಅಳತೆ ಇದ್ದರೆ ತೆಗೆದುಬಿಡಿ. ಲಿನಕ್ಸ್ ಬಫರನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಆ ಸಾಲು ಅದಕ್ಕೆ ಅಡ್ಡಿ.

ದೊಡ್ಡ ಫೈಲ್ ಬೇಗ ಹೋಗಿ, ಸಾವಿರಾರು ಚಿಕ್ಕ ಫೈಲ್ ಮಾತ್ರ ತೆವಳುತ್ತವೆ, ಅಲ್ವಾ? ಪ್ರತಿ ಫೈಲಿಗೂ ತೆರೆಯುವುದು, ಬರೆಯುವುದು, ಮುಚ್ಚುವುದು ಎಂದು ಹಲವು ಸಲ ಸರ್ವರಿಗೆ ಹೋಗಿ ಬರಬೇಕು. ಜಿಪ್ ಮಾಡಿ ಕಳಿಸುವುದೇ ಸುಲಭ. ಒಂದೇ ಫೋಲ್ಡರಿನಲ್ಲಿ ಹತ್ತಾರು ಸಾವಿರ ಫೈಲ್ ಇದ್ದರೆ ಕಾರಣ ಬೇರೆ. ವಿಂಡೋಸ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಒಂದೇ. ಲಿನಕ್ಸ್‌ಗೆ ಬೇರೆ ಬೇರೆ. ಹೊಸ ಹೆಸರು ಯಾವ ರೂಪದಲ್ಲೂ ಇಲ್ಲ ಎಂದು ತಿಳಿಯಲು ಸಾಂಬಾ ಇಡೀ ಫೋಲ್ಡರ್ ಜಾಲಾಡುತ್ತದೆ. ಆ ಶೇರಿಗೆ 'ಕೇಸ್ ಸೆನ್ಸಿಟಿವ್' ಆನ್ ಮಾಡಿ, ಎಲ್ಲ ಹೆಸರೂ ಸಣ್ಣಕ್ಷರದಲ್ಲೇ ಉಳಿಯುವಂತೆ 'ಡಿಫಾಲ್ಟ್ ಕೇಸ್', 'ಪ್ರಿಸರ್ವ್ ಕೇಸ್' ಹೊಂದಿಸಿದರೆ ಈ ಹುಡುಕಾಟ ನಿಲ್ಲುತ್ತದೆ. ಆದರೆ ಈಗಾಗಲೇ ಇರುವ ಫೈಲುಗಳ ಹೆಸರನ್ನು ಮೊದಲೇ ಸಣ್ಣಕ್ಷರಕ್ಕೆ ಬದಲಿಸಿಕೊಳ್ಳಿ, ಇಲ್ಲವಾದರೆ ಅವು ತೆರೆಯುವುದಿಲ್ಲ.